ಸೇಂಟ್ ಲೂಸಿಯಾ: ಕಡಲತೀರ ಬಿಟ್ಟು ಮೇಲೇಳಿ

ಕೆರಿಬಿಯನ್ ದ್ವೀಪಕ್ಕೆ ರಜೆಗೆಂದು ಹೋದವರು ಮರಳಿನ ಮೇಲೆ ಮಲಗಿಯೇ ಕಾಲ ಕಳೆದು ಬರುವುದುಂಟು; ಸೇಂಟ್ ಲೂಸಿಯಾದ ಮಟ್ಟಿಗೆ ಅದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ. ದ್ವೀಪದ ನೈಋತ್ಯದಲ್ಲಿರುವ ಸೂಫ್ರಿಯೇರ್ ಪಟ್ಟಣದ ಬಳಿ ಸಮುದ್ರದಿಂದ ನೇರವಾಗಿ ಮೇಲೆದ್ದಿರುವ ಎರಡು ಪಿಟಾನ್ ಶಿಖರಗಳ ಪ್ರದೇಶವು 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇವುಗಳಲ್ಲಿ ಎತ್ತರದ್ದಾದ ಗ್ರೋ ಪಿಟಾನ್ 800 ಮೀಟರಿಗೆ ತುಸು ಕಡಿಮೆಯಿದ್ದರೂ ಏರು ಕಡಿದಾಗಿರುವುದರಿಂದ, ಸ್ಥಳೀಯ ಮಾರ್ಗದರ್ಶಿಯೊಂದಿಗೆ ಬಿಸಿಲೇರುವ ಮುನ್ನವೇ ಹೊರಡುವುದು ಲೇಸು.

ಸಮೀಪದ ಗಂಧಕದ ಬುಗ್ಗೆಗಳಲ್ಲಿ ನೆಲದ ಬಿರುಕುಗಳಿಂದ ಹಬೆ ಏಳುತ್ತಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲಿನ ಬೂದುಬಣ್ಣದ ಕೆಸರನ್ನು ಮೈಗೆಲ್ಲ ಬಳಿದುಕೊಂಡು, ಅದು ಒಣಗಿ ಚರ್ಮವನ್ನು ಬಿಗಿಹಿಡಿಯುವವರೆಗೆ ಕಾದು, ಬಿಸಿನೀರಿನ ಕೊಳದಲ್ಲಿ ತೊಳೆದುಕೊಳ್ಳಬೇಕು. (ಬೆಳ್ಳಿಯ ಒಡವೆಗಳನ್ನು ಕೋಣೆಯಲ್ಲೇ ಬಿಟ್ಟುಬನ್ನಿ, ಗಂಧಕ ತಗುಲಿದರೆ ಕಪ್ಪಾಗುತ್ತವೆ.)

ರಾಜಧಾನಿ ಕ್ಯಾಸ್ಟ್ರೀಸ್‌ನ ಮಾರುಕಟ್ಟೆಗೆ ಒಂದು ಬೆಳಗು ಸಾಕು. ಶುಕ್ರವಾರದ ರಾತ್ರಿಯನ್ನು ಮಾತ್ರ ಉತ್ತರದ ಗ್ರೋ ಐಲೆಟ್‌ಗೆ ಮೀಸಲಿಡಿ: ಬೀದಿಯಲ್ಲೇ ಕೆಂಡದ ಮೇಲೆ ಮೀನು ಸುಡುತ್ತಾರೆ, ಸಂಗೀತ ತಡರಾತ್ರಿಯವರೆಗೂ ನಿಲ್ಲುವುದಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲವಾದ್ದರಿಂದ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಹೋಗುವುದು ಒಳ್ಳೆಯದು.