ಎರಡು ದನದ ಅಗಲದ ದಾರಿ

ನಮ್ಮ ಮನೆಯಿಂದ ಕಾರನ್ ಎಂಬ ಹಳ್ಳಿಯ ಕಡೆಗೆ ಹೋಗುವ ದಾರಿಯ ನಟ್ಟನಡುವೆ ಹುಲ್ಲು ಬೆಳೆದಿದೆ. ಟಾರು ಹಾಕಿದ ದಾರಿಯೇ. ಕಾರಿನ ಚಕ್ರಗಳು ಎರಡೂ ಬದಿ ಉಜ್ಜಿ ಉಜ್ಜಿ, ನಡುವಿನ ಪಟ್ಟಿ ಮಾತ್ರ ಯಾರೂ ತುಳಿಯದೆ ಉಳಿದು, ಮಣ್ಣು ಕಟ್ಟಿ ಹಸಿರಾಗಿದೆ. ಸಾಗರದ ಹತ್ತಿರದ ನನ್ನೂರಲ್ಲಿ ಎತ್ತಿನಗಾಡಿಯ ಜಾಡು ಥೇಟ್ ಹೀಗೇ ಇತ್ತು. ಐರ್ಲೆಂಡಿಗೆ ಬಂದ ಮೊದಲ ವಾರ ಇದನ್ನು ಕಂಡು ಸುಮಾರು ಹೊತ್ತು ಅಲ್ಲೇ ನಿಂತುಬಿಟ್ಟಿದ್ದೆ.

ನಾನಿರುವುದು ಪಶ್ಚಿಮದ ಕ್ಲೇರ್ ಕೌಂಟಿಯಲ್ಲಿ, ಬರೆನ್ ಎಂಬ ಸುಣ್ಣಕಲ್ಲಿನ ಸೀಮೆಯ ಅಂಚಿಗೆ. ವಾರವೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ಓಡಾಟ. ಭಾನುವಾರ ರಜೆ ಸಿಕ್ಕರೆ ಬೆಳಿಗ್ಗೆ ಅವಲಕ್ಕಿ ತಿಂದು, ಫ್ಲಾಸ್ಕಿಗೆ ಕಷಾಯ ತುಂಬಿಕೊಂಡು ಹೊರಟುಬಿಡುತ್ತೇನೆ. ಹತ್ತು ಹನ್ನೆರಡು ಕಿಲೋಮೀಟರು ನಡೆದು ಮನೆ ಮುಟ್ಟುವಾಗ ಮಧ್ಯಾಹ್ನ ದಾಟಿರುತ್ತದೆ.

ಇಂಥ ದಾರಿಗೆ ಇಲ್ಲಿಯವರು ‘ಬೋರೀನ್’ ಅನ್ನುತ್ತಾರೆ. ಐರಿಷ್ ಭಾಷೆಯಲ್ಲಿ ರಸ್ತೆಗೆ ‘ಬೋಹರ್’. ಅದರ ಮರಿ ಬೋರೀನ್. ಆ ಬೋಹರ್ ಒಳಗೆ ಕೂತಿರುವುದು ‘ಬೋ’, ಅಂದರೆ ದನ. ಸಂಸ್ಕೃತದ ‘ಗೋ’, ಇವರ ‘ಬೋ’ ಎರಡೂ ಒಂದೇ ಬೇರಿನ ಪದಗಳು. ಸಾವಿರ ವರ್ಷದ ಹಿಂದಿನ ಐರಿಷ್ ಪದಕೋಶವೊಂದು ಬೋಹರಿನ ಅಗಲವನ್ನು ದನದಲ್ಲೇ ಅಳೆದಿದೆ: ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ಎರಡು ದನ ನಿಲ್ಲುವಷ್ಟು. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, “ಜೊತೆಗೆ ಕರು ಇದ್ರೆ?” ಅಂತ ಕೇಳಿದಳು. ಕರುವಿಗೂ ಆ ಪದಕೋಶದಲ್ಲಿ ಜಾಗ ಇಟ್ಟಿದ್ದಾರೆ!

ಮೊದಲ ತಿಂಗಳು ನಡೆಯುವುದೇ ಕಷ್ಟವಾಗಿತ್ತು. ಬಂದ ಕಾರೆಲ್ಲ ನಿಲ್ಲುತ್ತಿತ್ತು. ಗಾಜು ಇಳಿಸಿ, “ಗಾಡಿ ಕೆಟ್ಟಿದೆಯಾ? ಎಲ್ಲಿಗೆ ಬಿಡಲಿ?” ಸುಮ್ಮನೆ ನಡೆಯುತ್ತಿದ್ದೇನೆ ಅಂದರೆ ನಂಬಲು ಅರೆಗಳಿಗೆ ಬೇಕಾಗುತ್ತಿತ್ತು. ಊರಲ್ಲಿ ಅಂಗಳ ದಾಟಿದರೆ ಸಾಕು, “ಎತ್ಲಾಗೆ ಹೊರಟಿದ್ದು?” ಅಂತ ಕೇಳುತ್ತಾರಲ್ಲ, ಅದೇ ಅಕ್ಕರೆ. ಈಗ ಯಾರೂ ನಿಲ್ಲಿಸುವುದಿಲ್ಲ. ಸ್ಟಿಯರಿಂಗಿನಿಂದ ತೋರುಬೆರಳೊಂದನ್ನು ಎತ್ತಿ ಇಳಿಸುತ್ತಾರೆ. ನಾನೂ ಕೈ ಎತ್ತುತ್ತೇನೆ. ಆ ಒಂದು ಬೆರಳಿನ ನಮಸ್ಕಾರ ನನಗೆ ಎಷ್ಟು ಬೇಕಾಗಿತ್ತೆಂಬುದು ಅದು ಸಿಕ್ಕಮೇಲೇ ಗೊತ್ತಾದದ್ದು.

ಎದುರಿನ ಗಾಡಿ ಕಾಣುವಂತೆ ಬಲಬದಿಗೆ ನಡೆಯಬೇಕು. 2025ರ ಫೆಬ್ರವರಿಯಿಂದ ಇಂಥ ರಸ್ತೆಗಳಲ್ಲಿ ವೇಗದ ಮಿತಿ 80ರಿಂದ 60 ಕಿಲೋಮೀಟರಿಗೆ ಇಳಿದಿದೆ. ನಡೆಯುವವರಿಗೆ ದೊಡ್ಡ ಉಪಕಾರವಾಯಿತು. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಒಂದು ಸಂಜೆ ನಾನು ತಡವಾಗಿ ಬಂದದ್ದನ್ನು ಪಕ್ಕದ ಮನೆಯ ಅಜ್ಜಿ ನೋಡಿದ್ದರು. ಮರುದಿನ ನಮ್ಮ ಗೇಟಿನ ಮೇಲೆ ಹೊಳೆಯುವ ಹಳದಿ ಜಾಕೆಟ್ಟೊಂದು ನೇತಾಡುತ್ತಿತ್ತು.

ದಾರಿಯ ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ. ಸೆಪ್ಟೆಂಬರಿನಲ್ಲಿ ಅದರ ಮೇಲೆಲ್ಲ ಬ್ಲ್ಯಾಕ್‌ಬೆರಿ. ಕಿತ್ತು ತಿನ್ನುತ್ತಾ ಹೋದರೆ ಬೆರಳೆಲ್ಲ ನೇರಳೆ. ಗದ್ದೆ ನಡುವೆ ಒಂಟಿಯಾಗಿ ನಿಂತ ಹಾಥಾರ್ನ್ ಮುಳ್ಳುಮರವನ್ನು ಮಾತ್ರ ಕಡಿಯುವುದಿಲ್ಲ, ಅದು ಇವರ ಯಕ್ಷಿಣಿಯರದು. ಇದೇ ಕ್ಲೇರಿನ ಲಟೂನಿನಲ್ಲಿ ಹೊಸ ಹೆದ್ದಾರಿಗೆ ಇಂಥದೊಂದು ಮರ ಅಡ್ಡ ಬಂದಾಗ, 1999ರಲ್ಲಿ, ಜಾನಪದ ಕತೆಗಾರ ಎಡ್ಡಿ ಲೆನಿಹನ್ ದನಿಯೆತ್ತಿದರು. ಮರ ಉಳಿಸಿಯೇ ರಸ್ತೆ ಮಾಡಿದರು. ನಮ್ಮ ಚೌಡಿಬನದ ಮರಕ್ಕೆ ಕೊಡಲಿ ಇಡಲು ಹಿಂಜರಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಪಾರ್ಕ್‌ನಬಿನಿಯಾ ಹತ್ತಿರ ರಸ್ತೆ ಬದಿಗೇ ಕಲ್ಲುಚಪ್ಪಡಿಯ ಗೋರಿ, ನಾಲ್ಕು ಸಾವಿರ ವರ್ಷದ ಹಳೆಯದು. ಹಿರೇಬೆಣಕಲ್ಲಿನ ಕಲ್ಮನೆಗಳನ್ನು ನೋಡಿದವರಿಗೆ ಗುರುತು ಹತ್ತುತ್ತದೆ. ನನ್ನ ಕಷಾಯ ಅಲ್ಲೇ.

ಆದರೆ ನಾನು ಕಾಯುವುದು ಅಕ್ಟೋಬರ್ ಕೊನೆಗೆ. ಬೇರೆ ಕಡೆ ಸಾಮಾನ್ಯವಾಗಿ ಬೇಸಿಗೆಗೆ ದನ ಗುಡ್ಡ ಹತ್ತಿದರೆ ಬರೆನ್‌ನಲ್ಲಿ ಚಳಿಗಾಲಕ್ಕೆ ಹತ್ತುತ್ತವೆ. ಸುಣ್ಣಕಲ್ಲು ಬೇಸಿಗೆಯ ಬಿಸಿಯನ್ನು ಒಳಗಿಟ್ಟುಕೊಂಡಿರುತ್ತದೆ, ಮಳೆನೀರು ಬಿರುಕಿನಲ್ಲಿ ಇಂಗಿ ನೆಲ ಒಣಗಿರುತ್ತದೆ. ಚಳಿಗಾಲವಿಡೀ ಅವು ಒರಟು ಹುಲ್ಲನ್ನು ಮೇಯ್ದು ತೆಗೆಯುವುದರಿಂದಲೇ ವಸಂತದಲ್ಲಿ ಕಲ್ಲಿನ ಸಂದಿಯಿಂದ ಜೆಂಟಿಯನ್ ಹೂವು ತಲೆಯೆತ್ತುತ್ತದೆ. ಗಟ್ಟಿ ನೀಲಿ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು.

ಕಳೆದ ವರ್ಷ ದನಗಳ ಗುಂಪೊಂದು ಎದುರಿಗೇ ಬಂತು. ಹಿಂದಿನಿಂದ ರೈತ ಕೂಗಿ ಹೇಳಿದ, “ಆ ಗೇಟಿನ ಬಾಯಲ್ಲಿ ನಿಂತ್ಕೋತೀಯಾ?” ಗದ್ದೆಯ ಗೇಟು ತೆರೆದಿತ್ತು. ದಣಪೆ ತೆಗೆದಿಟ್ಟಾಗ ಅಪ್ಪ ನನ್ನನ್ನು ಹೀಗೇ ನಿಲ್ಲಿಸುತ್ತಿದ್ದ. ಕೈ ಅಗಲಿಸಿ ನಿಂತೆ. ಕಂದು ಕಡಸೊಂದು ಗುಂಪು ಬಿಟ್ಟು ನನ್ನ ಮುಂದೆ ಬಂದು ನಿಂತಿತು. ಮೂಗಿನಿಂದ ಹಬೆ, ಕಿವಿಯಲ್ಲಿ ಹಳದಿ ಬಿಲ್ಲೆ, ತುಟಿಯಲ್ಲಿ ಇನ್ನೂ ಒಂದು ಎಳೆ ಹುಲ್ಲು. ನನ್ನ ಬಾಯಿಂದ ತಾನಾಗಿ “ಹೋ... ಹೋಯ್, ನಡಿ” ಅಂತ ಬಂತು, ನಾಲಿಗೆ ಅಂಗುಳಕ್ಕೆ ಹೊಡೆದ ‘ಟಕ್’ ಸಮೇತ. ಅದು ತಲೆ ಕೊಡವಿ ಗುಂಪಿಗೆ ಹೋಯಿತು.

ರೈತ ನಿಂತು ನಮ್ಮೂರ ದನ ಎಂಥವೆಂದು ಕೇಳಿದ. ಮಲೆನಾಡು ಗಿಡ್ಡದ ಎತ್ತರವನ್ನು ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದೆ. ಅವನು ದಾರಿಯನ್ನೊಮ್ಮೆ ಅಡ್ಡಕ್ಕೂ ಉದ್ದಕ್ಕೂ ನೋಡಿ, “ಹಾಗಾದ್ರೆ ಇದರಲ್ಲಿ ಮೂರು ನಿಲ್ತವೆ” ಅಂದ. ನಾಯಿ ಆಗಲೇ ಗುಂಪಿನ ಹಿಂದೆ ತಿರುವು ದಾಟಿತ್ತು.