ಡಬ್ಲ್ಯೂ ಆದಮೇಲೆ ಎಕ್ಸ್: ಪ್ರೇರಿಯ ಬೇಚರಾಕ್ ಊರುಗಳು

14 ಮೇ 2025, ಬುಧವಾರ

ಕೆನಡಾದ ಪ್ರೇರಿ (ಹುಲ್ಲುಬಯಲು) ಸೀಮೆಯ ಸಾಸ್ಕಾಚೆವಾನ್‌ನಲ್ಲಿ ಅಳಿದ ಊರು ಹುಡುಕಲು ಒಳ್ಳೆಯ ಕಾಲ ಇದೇ. ಹಿಮ ಕರಗಿದೆ, ಹುಲ್ಲು ಇನ್ನೂ ಎದ್ದಿಲ್ಲ. ಜೂನ್ ಕಳೆದರೆ ನೆಲಮಾಳಿಗೆಯ ಹಳ್ಳವೂ ಕಾಣುವುದಿಲ್ಲ, ಪಾಳುಬಾವಿಯ ಬಾಯಿಯೂ ಕಾಣುವುದಿಲ್ಲ. ಉಣ್ಣಿ ಮಾತ್ರ ಈಗಲೇ ಶುರು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡೇ ಇಳಿಯಬೇಕು.

ಇವತ್ತು ನಕ್ಷೆ ಹರಡಿಕೊಂಡದ್ದು ವಾಟ್ರಸ್, ಯಂಗ್ ನಡುವಿನ ತುಂಡಿಗೆ. ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಕಂಪನಿ ವಿನಿಪೆಗ್‌ನಿಂದ ಎಡ್ಮಂಟನ್ ಕಡೆಗೆ ಹಳಿ ಹಾಕುವಾಗ ಸ್ಟೇಷನ್‌ಗಳಿಗೆ ಎ, ಬಿ, ಸಿ ಎಂದು ಅಕ್ಷರಮಾಲೆಯ ಸಾಲಿನಲ್ಲೇ ಹೆಸರಿಟ್ಟಿತು. ಜೆಡ್ ಮುಗಿದರೆ ಮತ್ತೆ ಎ. ಫೆನ್‌ವುಡ್, ಗುಡೀವ್, ಹಬ್ಬರ್ಡ್, ಇಟೂನಾ, ಜಾಸ್ಮಿನ್, ಕೆಲಿಹರ್ ಹೀಗೆ. ಹುಡುಕುವವರಿಗೆ ಇದಕ್ಕಿಂತ ಸುಲಭದ ಸುಳಿವು ಬೇಡ: ವಾಟ್ರಸ್ ಆದಮೇಲೆ ಯಂಗ್ ಬಂತೆಂದರೆ ನಡುವೆ ಒಂದು ಎಕ್ಸ್ ಕಾಣೆಯಾಗಿದೆ. ಅದು ಜೀನಾ (Xena, ಬರೆಯುವುದು ಎಕ್ಸ್ ಅಕ್ಷರದಿಂದ). ಎಂಜಿನ್ ಬದಲಿಸುತ್ತಿದ್ದ ದೊಡ್ಡ ಸ್ಟೇಷನ್‌ಗಳಲ್ಲಿ ಈ ಲೆಕ್ಕ ತಪ್ಪುವುದುಂಟು. ಮೆಲ್ವಿಲ್ ಎಂಬುದು ರೈಲು ಕಂಪನಿಯ ಅಧ್ಯಕ್ಷ ಚಾರ್ಲ್ಸ್ ಮೆಲ್ವಿಲ್ ಹೇಸ್‌ನ ಹೆಸರು. 1912ರಲ್ಲಿ ಟೈಟಾನಿಕ್ ಜೊತೆ ಮುಳುಗಿದವನು.

ಊರುಗಳು ಅಷ್ಟು ಹತ್ತಿರ ಹತ್ತಿರ ಯಾಕೆ? ಗೋಧಿ ತುಂಬಿದ ಕುದುರೆಗಾಡಿ ಕಣಜಕ್ಕೆ ಹೋಗಿ ಅದೇ ದಿನ ಮನೆಗೆ ಮರಳಬೇಕಿತ್ತು. ಹಾಗಾಗಿ ಎಂಟು ಹತ್ತು ಮೈಲಿಗೊಂದು ಊರು, ಊರಿಗೊಂದಾದರೂ ಮರದ ಎಲಿವೇಟರ್, ಅಂದರೆ ಧಾನ್ಯ ಮೇಲೆತ್ತಿ ತುಂಬಿಡುವ ಕಣಜ. 1930ರ ದಶಕದಲ್ಲಿ ಕೆನಡಾದ ಪ್ರೇರಿಯಲ್ಲೆಲ್ಲ ಸೇರಿ ಅವು 5,700ಕ್ಕೂ ಹೆಚ್ಚಿದ್ದವು. ಲಾರಿ ಬಂದಾಗ ಹತ್ತು ಮೈಲಿಯ ಲೆಕ್ಕ ಸಡಿಲವಾಯಿತು. 1897ರಿಂದ ಬಂದಿದ್ದ ಧಾನ್ಯ ಸಾಗಣೆಯ ‘ಕ್ರೋ’ ರಿಯಾಯಿತಿ ರೈಲುದರದ ಕೊನೆಯ ಎಳೆಯೂ 1995ರ ಆಗಸ್ಟ್‌ನಲ್ಲಿ ಕಡಿದಮೇಲೆ ಎಷ್ಟೋ ಕವಲು ಹಳಿಗಳನ್ನೇ ಕಿತ್ತರು. ಜೀನಾದ ಕಥೆ ಇನ್ನೂ ವಿಚಿತ್ರ. ಅಲ್ಲಿ ಹಳಿ ಇದೆ, ಮುಖ್ಯ ಮಾರ್ಗದ ರೈಲುಗಳೂ ಓಡುತ್ತಿವೆ, ಊರು ಮಾತ್ರ ಇಲ್ಲ.

ಜಾಗ ಗುರುತಿಸಲು ಅಲ್ಲಿನ ಜಮೀನಿನ ಸಂಖ್ಯೆ ಓದಲು ಬರಬೇಕು. ಉದಾಹರಣೆಗೆ ‘ಎನ್‌ಡಬ್ಲ್ಯೂ 12-34-21-ಡಬ್ಲ್ಯೂ2’: 12ನೇ ಸೆಕ್ಷನ್ನಿನ ವಾಯವ್ಯ ಕಾಲುಭಾಗ (160 ಎಕರೆ), 34ನೇ ಟೌನ್‌ಶಿಪ್, 21ನೇ ರೇಂಜ್, ಎರಡನೇ ಮೆರಿಡಿಯನ್‌ನ ಪಶ್ಚಿಮಕ್ಕೆ. ಟೌನ್‌ಶಿಪ್ ಎಣಿಕೆ ಅಮೆರಿಕದ ಗಡಿಯಿಂದ ಉತ್ತರಕ್ಕೆ, ರೇಂಜ್ ಎಣಿಕೆ ಮೆರಿಡಿಯನ್ ಎಂಬ ಉತ್ತರ-ದಕ್ಷಿಣ ಗೆರೆಯಿಂದ ಪಶ್ಚಿಮಕ್ಕೆ, ಒಂದೊಂದೂ ಆರು ಮೈಲಿ. ಆ ಚೌಕದೊಳಗೆ ಮೈಲಿಯಗಲದ 36 ಸೆಕ್ಷನ್. ಎಲ್ಲರೂ ಎಡವುವುದು ಸೆಕ್ಷನ್ನಿನಲ್ಲಿ. ಪುಸ್ತಕ ಓದುವ ಹಾಗೆ ಎಡಮೇಲಿನಿಂದ ಎಣಿಸಿದರೆ ಕೆಟ್ಟಿರಿ. ಆಗ್ನೇಯ ಮೂಲೆಯಲ್ಲಿ 1, ಅಲ್ಲಿಂದ ಪಶ್ಚಿಮಕ್ಕೆ 6, ಅದರ ತಲೆಯ ಮೇಲೆ 7, ಮತ್ತೆ ಪೂರ್ವಕ್ಕೆ 12. ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗುವ ಹಾಗೆ. ಗ್ರಾಮೀಣ ಮುನಿಸಿಪಾಲಿಟಿಯ ನಕ್ಷೆಯಲ್ಲಿ ಕಾಲುಭಾಗದ ಮಾಲೀಕರ ಹೆಸರೂ ಇರುತ್ತದೆ. ಅವರನ್ನು ಕೇಳದೆ ಬೇಲಿ ದಾಟಬಾರದು. ಓಡುವ ಹಳಿಯ ಮೇಲಂತೂ ಕಾಲಿಡುವ ಮಾತೇ ಇಲ್ಲ.

ಸ್ಥಳದಲ್ಲಿ ಮೊದಲು ನೋಡಬೇಕಾದದ್ದು ಗಿಡ. ಬಯಲಿನ ನಡುವೆ ನೇರ ಸಾಲಿನಲ್ಲಿ ಕ್ಯಾರಗಾನ ಪೊದೆ ಅಥವಾ ಲೈಲಾಕ್ ಇದ್ದರೆ ಅದು ತಾನಾಗಿ ಬೆಳೆದದ್ದಲ್ಲ, ಮನೆಯ ಬೇಲಿ. ಆಮೇಲೆ ಹಳಿಯ ಪಕ್ಕದ ಕಾಂಕ್ರೀಟ್. ಎಲಿವೇಟರಿನ ದೊಡ್ಡ ಅಡಿಪಾಯದ ಹತ್ತಿರವೇ ಬೋಲ್ಟುಗಳು ಮೇಲೆದ್ದ ಸಣ್ಣದೊಂದು ಇದ್ದರೆ ಅದು ಎಂಜಿನ್ ಮನೆ. ಧಾನ್ಯದ ದೂಳಿಗೆ ಕಿಡಿ ತಗುಲಬಾರದೆಂದು ಎಲಿವೇಟರ್ ನಡೆಸುವ ಎಂಜಿನನ್ನು ಬೇರೆ ಕಟ್ಟಡದಲ್ಲಿ ಇಡುತ್ತಿದ್ದರು. ಎಲಿವೇಟರಿನ ಗೋಡೆ ಅಂದರೆ ಹಲಗೆಗಳನ್ನು ಒಂದರ ಮೇಲೊಂದು ಮಲಗಿಸಿ ಮೊಳೆ ಹೊಡೆದದ್ದು. ಕೆಡವಿದ ಜಾಗದ ತುಂಬ ಮೊಳೆ. ಕಾರು ರಸ್ತೆಯಲ್ಲೇ ಇರಲಿ. ಧಾನ್ಯ ಮೇಲೆತ್ತುವ ಬಕೆಟ್ ಪಟ್ಟಿ ಇಳಿಯುತ್ತಿದ್ದ ಗುಂಡಿಯಲ್ಲಿ ಈ ತಿಂಗಳು ನೀರು ನಿಂತಿರುತ್ತದೆ, ಕೋಲು ಹಾಕಿ ನೋಡದೆ ಹೆಜ್ಜೆ ಇಡಬೇಡಿ. ಎಂಟು ಮೂಲೆಯ ಅಡಿಪಾಯ ಕಂಡರೆ ಅದು ರೈಲಿನ ಹಬೆ ಎಂಜಿನ್ನಿಗೆ ನೀರು ತುಂಬುತ್ತಿದ್ದ ಟ್ಯಾಂಕಿನದಿರಬಹುದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಅದರೊಳಗೆ ಒಲೆ ಉರಿಸುತ್ತಿದ್ದರು.

ಆ ನೀರೇ ಹಬೆ ಎಂಜಿನ್ನಿಗೆ ದೊಡ್ಡ ತಲೆನೋವು. ಪ್ರೇರಿಯ ಬಾವಿನೀರು ಗಡಸು, ಕ್ಷಾರ ಬೇರೆ. ಬಾಯ್ಲರಿನಲ್ಲಿ ನೊರೆಯೇಳುತ್ತದೆ, ಬೋರ್‌ವೆಲ್ ನೀರು ಕಾಯಿಸುವ ಹಂಡೆಯಂತೆ ಒಳಗೆಲ್ಲ ಬಿಳಿ ಪದರ ಕೂರುತ್ತದೆ. ಈ ಪದರ ಏನು ಮಾಡಬಲ್ಲದೆಂಬುದಕ್ಕೆ ಕೆನಡಿಯನ್ ಪೆಸಿಫಿಕ್‌ನ ಹಳೆಯ 1278 ಎಂಜಿನ್ ಸಾಕ್ಷಿ. 1995ರ ಜೂನ್ 16ರಂದು ಪೆನ್ಸಿಲ್ವೇನಿಯಾದಲ್ಲಿ ಪ್ರವಾಸಿ ರೈಲು ಎಳೆಯುತ್ತಿದ್ದಾಗ ನೀರು ಕಡಿಮೆಯಾಗಿ ಬೆಂಕಿಗೂಡಿನ ಮೇಲ್ಹಾಳೆ ಒಡೆದು ಮೂವರು ಸುಟ್ಟುಕೊಂಡರು. ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನ ದಾರಿ ಪದರ ಕಟ್ಟಿ ಕಿರಿದಾಗಿತ್ತು.

ಹಾಗಾಗಿ ಸಂರಕ್ಷಿತ ಎಂಜಿನ್ ಹತ್ತಿದವರು ಮೊದಲು ಮಾಡುವ ಪರೀಕ್ಷೆ: ಗ್ಲಾಸಿನ ಕೆಳಗಿನ ಡ್ರೈನ್ ತೆರೆದು ಬುಸ್ಸೆಂದು ಊದಿಸುವುದು, ಮುಚ್ಚುವುದು. ನೀರು ತಟ್ಟನೆ ಜಿಗಿದು ಮೇಲೇರಬೇಕು. ತೆವಳುತ್ತಾ ಏರಿದರೆ ಕೆಳಗಿನ ದಾರಿ ಕಟ್ಟಿದೆ, ಗ್ಲಾಸು ಹೇಳುವುದನ್ನು ನಂಬಬಾರದು. ಟ್ರೈ ಕಾಕ್‌ಗಳನ್ನೂ (ನೀರಿನ ಮಟ್ಟ ನೋಡಲು ಬಾಯ್ಲರಿಗೆ ಬೇರೆ ಬೇರೆ ಎತ್ತರದಲ್ಲಿಟ್ಟ ನಲ್ಲಿಗಳು) ಒಂದೊಂದಾಗಿ ತೆರೆದು ತಾಳೆ ನೋಡಬೇಕು.

2024ರಲ್ಲಿ ಕ್ಯಾಲ್ಗರಿಯಿಂದ ಮೆಕ್ಸಿಕೋ ಸಿಟಿಯವರೆಗೆ ಹೋದ 2816 ಎಂಜಿನ್ 1930ರದು, ಮಾಂಟ್ರಿಯಲ್ ಲೋಕೋಮೋಟಿವ್ ವರ್ಕ್ಸ್‌ನದು, ಬಾಯ್ಲರಿನ ಒತ್ತಡ ಚದರ ಇಂಚಿಗೆ 275 ಪೌಂಡ್. (ಭಾರತೀಯ ರೈಲ್ವೆಯ ಹಳೆಯ ಡಬ್ಲ್ಯೂಪಿ ಹಬೆ ಎಂಜಿನ್‌ಗಳಲ್ಲೂ ಕೆಲವು ಇದೇ ಕಾರ್ಖಾನೆಯವು.) ದಾರಿಯ ನೀರಿನ ಟ್ಯಾಂಕುಗಳು ಈಗಿಲ್ಲವಲ್ಲ, ಹೆಚ್ಚಿನ ನೀರನ್ನು ಬೆನ್ನಿಗೇ ಕಟ್ಟಿಕೊಂಡು ಓಡಬೇಕು.

ಟ್ರಾಮ್ ಬಗ್ಗೆ ಒಂದೇ ಸಾಲು: ಸಾಸ್ಕಟೂನ್‌ನಲ್ಲಿ 1951ಕ್ಕೆ ನಿಂತವು. ಇಂಥ ಗಾಡಿಗಳ ಚಕ್ರ ಮೋಟಾರು ಗುಜರಿಗೆ, ಮೈ ಮಾತ್ರ ಹೊಲದ ಕೊಟ್ಟಿಗೆಗೆ. ಹಳೇ ಶೆಡ್ಡಿನ ಕಿಟಕಿಗಳು ಒಂದೇ ಅಂತರದಲ್ಲಿ ಸಾಲಾಗಿದ್ದರೆ ಒಂದು ಸಲ ಗಾಡಿ ನಿಲ್ಲಿಸಿ ನೋಡಿ.

ನಾಳೆ ಯೂನಿಟಿಯಿಂದ ಪಶ್ಚಿಮದ ಹಾಳೆ ತೆಗೆಯಬೇಕು: ವೀರಾ, ವಿಂಟರ್, ಯೋಂಕರ್.