ಪಂಚಾಂಗದ ನಡುವಿನ ಡಾಲರ್ ನೋಟುಗಳು

ನಮ್ಮ ಅಂಗಡಿ ಇರುವುದು ಗೋಕರ್ಣದ ರಥಬೀದಿಯಲ್ಲಿ. ಬಟ್ಟೆ, ಚೀಲ, ಹಿತ್ತಾಳೆಯ ಸಣ್ಣಪುಟ್ಟ ಸಾಮಾನು ಮಾರುತ್ತೇವೆ. ನವೆಂಬರಿನಿಂದ ಮಾರ್ಚ್‌ವರೆಗೆ ಗಿರಾಕಿಗಳಲ್ಲಿ ಅರ್ಧದಷ್ಟು ಜನ ವಿದೇಶಿಯರು. ಪರದೇಶದಲ್ಲಿ ಕೈಖರ್ಚಿನ ಹಣಕ್ಕಾಗಿ ಮನುಷ್ಯ ಎಷ್ಟು ಪರದಾಡುತ್ತಾನೆ ಎಂಬುದನ್ನು ಗಲ್ಲಾದ ಹಿಂದೆ ಕುಳಿತು ಇಪ್ಪತ್ತು ವರ್ಷ ನೋಡಿದ್ದೇನೆ. 2024ರ ಜೂನ್‌ನಲ್ಲಿ ಮಳೆ ಹಿಡಿದು ಬೀದಿ ಖಾಲಿಯಾದ ಮೇಲೆ ಹೆಂಡತಿ, ಮಗಳ ಜೊತೆ ಥಾಯ್ಲೆಂಡಿಗೆ ಹೊರಟಾಗ, ಆ ಪರದಾಟದ ಸರದಿ ನನ್ನದಾಯಿತು.

ಈ ವಿಷಯದಲ್ಲಿ ನನಗೊಬ್ಬರು ಗುರುಗಳಿದ್ದಾರೆ. ಪ್ರತಿ ಚಳಿಗಾಲ ನಮ್ಮ ಮಹಡಿಯ ಕೋಣೆಯಲ್ಲಿ ಉಳಿಯುವ ಆಸ್ಟ್ರಿಯಾದ ಹಿರಿಯ ಮಹಿಳೆ. ಮನೆಮಂದಿಗೆಲ್ಲ ಅವರು ವಿಯೆನ್ನಾ ಅಜ್ಜಿ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳು ರದ್ದಾದಾಗ ಅವರು ಬಂದು ಇನ್ನೂ ಮೂರು ದಿನವಾಗಿತ್ತು. ಆಮೇಲೆ ವಿದೇಶಿಯರಿಗೆ ವಾರಕ್ಕೆ ₹5,000 ಮಾತ್ರ ಬದಲಾಯಿಸಿಕೊಳ್ಳಲು ಅವಕಾಶವಾಯಿತು. ಆ ದಿನಗಳಲ್ಲಿ ಅವರು ನಮ್ಮ ಅಡುಗೆಮನೆಯಲ್ಲೇ ಉಂಡರು, ಪ್ರತಿ ಊಟವನ್ನೂ ಪುಟ್ಟ ನೋಟುಪುಸ್ತಕದಲ್ಲಿ ಬರೆದಿಟ್ಟು ಡಿಸೆಂಬರಿನಲ್ಲಿ ತೀರಿಸಿದರು. ಆ ಪುಸ್ತಕದ ಹಿಂದಿನ ಪುಟಗಳಲ್ಲಿ ಬೇರೊಂದು ಲೆಕ್ಕವಿತ್ತು: ಎಲ್ಲಿ ಎಷ್ಟು ಹಣ ತೆಗೆದೆ, ಯಂತ್ರ ಎಷ್ಟು ಹಿಡಿಯಿತು, ತನ್ನ ಬ್ಯಾಂಕ್ ಎಷ್ಟು ಹಿಡಿಯಿತು. ಅಂದು ಅವರು ನನಗೆ ಎರಡು ಮಾತು ಹೇಳಿದ್ದರು. ಯಂತ್ರದಿಂದ ತೆಗೆಯುವುದಾದರೆ ಒಂದೇ ಸಲ ದೊಡ್ಡ ಮೊತ್ತ ತೆಗೆ. ನಿನ್ನ ದೇಶದ ಹಣಕ್ಕೆ ಪರಿವರ್ತಿಸುವ ಲೆಕ್ಕವನ್ನು ಆ ಯಂತ್ರಕ್ಕೆ ಎಂದೂ ಬಿಡಬೇಡ.

ಎರಡನೆಯದು ನನಗೆ ಸರಿಯಾಗಿ ಅರ್ಥವಾದದ್ದು ಇನ್ನೂ ಕೆಲವು ವರ್ಷಗಳ ನಂತರ. ಕಾರ್ಡ್ ಉಜ್ಜುವ ಯಂತ್ರ ಕೊಡಲು ಒಬ್ಬರು ಅಂಗಡಿಗೆ ಬಂದಿದ್ದರು. ವಿದೇಶಿ ಗಿರಾಕಿ ರೂಪಾಯಿಯ ಬದಲು ತನ್ನ ದೇಶದ ಹಣದಲ್ಲೇ ಪಾವತಿಸಲು ಒಪ್ಪಿದರೆ ದರದ ವ್ಯತ್ಯಾಸದಲ್ಲಿ ನಿಮಗೂ ಒಂದು ಪಾಲು ಸಿಗುತ್ತದೆ ಎಂದರು. ಪಾಲು ಹಂಚುವಷ್ಟು ವ್ಯತ್ಯಾಸ ಇದೆಯೆಂದರೆ ಅದು ಗಿರಾಕಿಯ ಜೇಬಿನಿಂದಲೇ ಬರಬೇಕಲ್ಲ. ಬೇಡ ಎಂದೆ.

ಹೊರಡುವ ಮುಂಚೆ ಡಾಲರ್ ಬೇಕಿತ್ತು. ನಮ್ಮ ಬೀದಿಯಲ್ಲಿ ವಿನಿಮಯದ ಫಲಕಗಳಿಗೇನೂ ಕೊರತೆಯಿಲ್ಲ. ಆದರೆ ಪೂರ್ಣ ಪರವಾನಗಿ ಇಲ್ಲದೆ, ದೊಡ್ಡ ಸಂಸ್ಥೆಯ ಫ್ರಾಂಚೈಸಿಯಾಗಿ ಕೂತಿರುವವರು ವಿದೇಶಿ ನೋಟನ್ನು ಕೊಳ್ಳಬಹುದೇ ಹೊರತು ನಮಗೆ ಮಾರುವಂತಿಲ್ಲ. ಹಾಗಾಗಿ ಗೋವಾದ ಮಡಗಾಂವ್‌ನ ಮೂರು ಕಡೆ ಫೋನ್ ಮಾಡಿ ದರ ಕೇಳಿದೆ. ಡಾಲರ್ ಒಂದಕ್ಕೆ ಎಪ್ಪತ್ತು ಪೈಸೆಯವರೆಗೆ ಅಂತರವಿತ್ತು. ಗೋಕರ್ಣ ರೋಡ್‌ನಿಂದ ರೈಲು ಹತ್ತಿ ಹೋಗಿ ₹84.30ರಂತೆ 800 ಡಾಲರ್ ತಂದೆ. ₹50,000 ಮೀರಿದರೆ ನಗದು ಕೊಟ್ಟು ಕೊಳ್ಳುವಂತಿಲ್ಲವಾದ್ದರಿಂದ ಖಾತೆಯಿಂದಲೇ ವರ್ಗಾಯಿಸಿದೆ. ಜಿಎಸ್‌ಟಿ ಬಿದ್ದದ್ದು ₹121 ಮಾತ್ರ.

ಎಲ್ಲವೂ ನೂರರ ನೋಟುಗಳೇ ಬೇಕೆಂದು ಹಟ ಹಿಡಿದಿದ್ದೆ. ಬ್ಯಾಂಕಾಕಿನ ವಿನಿಮಯ ಅಂಗಡಿಗಳಲ್ಲಿ ನೂರರ ನೋಟಿಗೆ ಒಂದು ದರ, ಐವತ್ತಕ್ಕೆ ಅದಕ್ಕಿಂತ ಕಡಿಮೆ, ಚಿಲ್ಲರೆ ನೋಟಿಗೆ ಇನ್ನೂ ಕಡಿಮೆ. ಹರಿದ, ಶಾಯಿ ಗುರುತು ಬಿದ್ದ ನೋಟನ್ನು ಕೆಲವರು ಮುಟ್ಟುವುದೇ ಇಲ್ಲ. ಎಂಟೂ ನೋಟುಗಳನ್ನು ಆಯಿ (ನನ್ನ ಅಮ್ಮ) ತನ್ನ ಪಂಚಾಂಗದ ಹಾಳೆಗಳ ನಡುವೆ ಒಂದೊಂದಾಗಿ ಇಟ್ಟು, ಮೇಲೆ ಹಿತ್ತಾಳೆಯ ತಟ್ಟೆ ಹೇರಿದಳು. ಹೊರಡುವ ದಿನ ತೆಗೆದಾಗ ಇಸ್ತ್ರಿ ಹಾಕಿದ ಹಾಗಿದ್ದವು.

ಕಾರ್ಡ್ ಒಂದೇ ಸಾಕು ಎಂಬುದು ಮಗಳ ವಾದ. ನನ್ನ ಡೆಬಿಟ್ ಕಾರ್ಡಿನಲ್ಲಿ ವಿದೇಶದ ಬಳಕೆ ಬಂದ್ ಆಗಿತ್ತು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ಹಾಗೆಯೇ ಬರುತ್ತವೆ, ನಾವೇ ತೆರೆದುಕೊಳ್ಳಬೇಕು. ಮಗಳೇ ಮೊಬೈಲಿನಲ್ಲಿ ಅದನ್ನು ಚಾಲೂ ಮಾಡಿ, ಮಿತಿಯನ್ನೂ ಹಾಕಿದಳು. ಅದರ ಶುಲ್ಕದ ಪಟ್ಟಿ ಓದಿದೆ: ವಿದೇಶಿ ಹಣಕ್ಕೆ 3.5% ಹೆಚ್ಚುವರಿ, ಅದರ ಮೇಲೆ 18% ಜಿಎಸ್‌ಟಿ, ಅಂದರೆ 4.13%. ಎಟಿಎಂನಿಂದ ತೆಗೆದರೆ ಪ್ರತಿ ಸಲ ₹125 ಮತ್ತು ತೆರಿಗೆ ಬೇರೆ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವ ಯೋಚನೆಯನ್ನೇ ಮಾಡಲಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ.

ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದೊಡನೆ ಕಣ್ಣಿಗೆ ಬೀಳುವ ವಿನಿಮಯ ಕಟ್ಟೆಗಳನ್ನು ದಾಟಿ, ನಗರದ ರೈಲು ಹೊರಡುವ ನೆಲಮಾಳಿಗೆಗೆ ಹೋದೆವು. ಅಲ್ಲಿನ ಸಣ್ಣ ಅಂಗಡಿಗಳಲ್ಲಿ ದರ ಬಹಳ ವಾಸಿ. ಪಾಸ್‌ಪೋರ್ಟ್ ನೋಡಿ, ನೋಟನ್ನು ಬೆಳಕಿಗೆ ಹಿಡಿದು, ಡಾಲರಿಗೆ 36.40 ಬಾಟ್‌ನಂತೆ ಥಾಯ್ ಹಣ ಕೊಟ್ಟರು. ಬಾಟ್ ಒಂದಕ್ಕೆ ನನಗೆ ಬಿದ್ದದ್ದು ₹2.32. ನಾಲ್ಕು ನೋಟು ಮುರಿಸಿ, ಉಳಿದ ನಾಲ್ಕನ್ನು ಹೋಟೆಲಿನ ಲಾಕರಿನಲ್ಲಿಟ್ಟೆ.

ಐದನೆಯ ದಿನ ರೈಲಿನಲ್ಲಿ ಅಯುತ್ತಯಾಕ್ಕೆ ಹೋದೆವು. ಹಳೆಯ ರಾಜಧಾನಿ ಅದು, ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತಿದೆ. ಇಟ್ಟಿಗೆಯ ಪಾಳು ಗುಡಿಗಳ ನಡುವೆ ಓಡಾಡುವಾಗ ಮಳೆ ಬಂತು. ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಹೆಂಡತಿ ಜಾರಿದಳು. ಕಾಲಿನ ಗಂಟು ನೋಡನೋಡುತ್ತಿದ್ದಂತೆ ಊದಿಕೊಂಡಿತು. ಹತ್ತಿರದ ಸಣ್ಣ ದವಾಖಾನೆಯಲ್ಲಿ ಎಲುಬು ಮುರಿದಿಲ್ಲ ಎಂದು ಹೇಳಿ ಪಟ್ಟಿ ಕಟ್ಟಿದರು. ಅಲ್ಲಿ ಕಾರ್ಡ್ ನಡೆಯುವುದಿಲ್ಲ. ಗೋಡೆಯ ಮೇಲೆ ಅವರ ಕ್ಯೂಆರ್ ಚಿತ್ರವಿತ್ತು, ನಮ್ಮ ಫೋನ್ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಶ್ರೀಲಂಕಾ ಮತ್ತು ಮಾರಿಷಸ್‌ನಲ್ಲಿ ಯುಪಿಐ ಆರಂಭವಾಗಿದ್ದನ್ನು ಓದಿದ್ದ ಮಗಳಿಗೆ ಆ ಕ್ಷಣ ಬಹಳ ನಿರಾಸೆಯಾಯಿತು. ನನ್ನ ಕೈಯಲ್ಲಿ ಉಳಿದಿದ್ದದ್ದು 600 ಬಾಟ್. ಡಾಲರುಗಳು ಬ್ಯಾಂಕಾಕಿನಲ್ಲಿ.

ಹೆಂಡತಿಯನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರು ಎಟಿಎಂಗೆ ಓಡಿದೆವು. "2,000 ತೆಗೆದರೆ ಸಾಕು ಅಪ್ಪಾ" ಎಂದಳು ಮಗಳು. ಯಂತ್ರದ ಮೇಲೆಯೇ ಬರೆದಿತ್ತು, ಹೊರದೇಶದ ಕಾರ್ಡಿಗೆ 220 ಬಾಟ್ ಶುಲ್ಕ. ಎರಡು ಸಾವಿರಕ್ಕೆ ಅದು ನೂರಕ್ಕೆ ಹನ್ನೊಂದಾಯಿತು. ಹೇಗೂ ಇನ್ನು ಟ್ಯಾಕ್ಸಿ ಹಿಡಿದೇ ಮರಳಬೇಕು, ಔಷಧಿ ಕೊಳ್ಳಬೇಕು. 10,000 ಒತ್ತಿದೆ.

ಆಗ ಆ ಪರದೆ ಬಂತು. ದೊಡ್ಡ ಅಕ್ಷರಗಳಲ್ಲಿ ₹25,243. ಬಾಟ್ ಒಂದಕ್ಕೆ 2.47, ದರ ಖಚಿತ. ಕೆಳಗೆ ಎರಡು ಗುಂಡಿ. ಪರಿವರ್ತನೆಯೊಂದಿಗೆ ಮುಂದುವರಿಯಿರಿ ಎಂಬುದು ಹಸಿರು ಬಣ್ಣದಲ್ಲಿ. ಪರಿವರ್ತನೆ ಇಲ್ಲದೆ ಎಂಬುದು ಬೂದು ಬಣ್ಣದಲ್ಲಿ, ಮಂಕಾಗಿ. ಬೂದು ಗುಂಡಿ ಒತ್ತಿದರೆ ವ್ಯವಹಾರವೇ ರದ್ದಾದೀತೇನೋ ಎಂದು ಯಾರಿಗಾದರೂ ಅನಿಸಬೇಕು, ಹಾಗೆ ಬರೆದಿದ್ದರು. ಅತ್ತ ದವಾಖಾನೆಯಲ್ಲಿ ಭಾಷೆ ಬಾರದೆ ಒಬ್ಬಳೇ ಕೂತ ಹೆಂಡತಿ, ಇತ್ತ ಸೆಕೆಂಡುಗಳನ್ನು ಎಣಿಸುವ ಪರದೆ. ಮಗಳ ಬೆರಳು ಹಸಿರಿನ ಹತ್ತಿರ ಹೋಗಿತ್ತು. ನಾನು ಅವಳ ಕೈ ಹಿಡಿದು ಬೂದು ಗುಂಡಿಯನ್ನು ಒತ್ತಿದೆ. ಒಂದು ಗಳಿಗೆ ಯಂತ್ರ ಸುಮ್ಮನಿತ್ತು. ಆಮೇಲೆ ಒಳಗೆ ನೋಟು ಎಣಿಸುವ ಸದ್ದು ಕೇಳಿತು.

ಮೊಬೈಲಿಗೆ ಬಂದ ಸಂದೇಶದಲ್ಲಿ ಇದ್ದದ್ದು ₹23,506. ಅದೇ 10,220 ಬಾಟ್‌ಗೆ ಪರದೆ ಹೇಳಿದ್ದಕ್ಕಿಂತ ₹1,737 ಕಡಿಮೆ. ನನ್ನ ಬ್ಯಾಂಕಿನ 4.13% ಮತ್ತು ಎಟಿಎಂ ಶುಲ್ಕ ಸೇರಿ ಇನ್ನೂ ₹1,118 ಕಡಿತವಾಯಿತು. ಎಲ್ಲ ಕೂಡಿಸಿದರೆ ಕೈಗೆ ಬಂದ 10,000ದ ಲೆಕ್ಕದಲ್ಲಿ ಬಾಟ್ ಒಂದಕ್ಕೆ ₹2.46. ಡಾಲರ್ ನೋಟಿನ ಎದುರು ಇದು ದುಬಾರಿಯೇ. ವಿದೇಶಿ ಹಣಕ್ಕೆ ಹೆಚ್ಚುವರಿ ಹಿಡಿಯದ ಕಾರ್ಡುಗಳೂ ಈಗ ಸಿಗುತ್ತವೆ. ಅಂಥದ್ದೊಂದು ನನ್ನ ಬಳಿ ಇದ್ದಿದ್ದರೆ ಯಂತ್ರದ 220 ಸೇರಿಸಿಯೂ ₹2.35ರ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಮುಂದಿನ ಸಲ ನಗದಿನ ಜೊತೆ ಅದನ್ನೂ ಒಯ್ಯುತ್ತೇನೆ, ಎರಡು ನೋಟನ್ನು ಲಾಕರಿನಲ್ಲಿಡದೆ ಸೊಂಟದ ಚೀಲದಲ್ಲೇ ಇಟ್ಟುಕೊಳ್ಳುತ್ತೇನೆ.

ನವೆಂಬರಿನಲ್ಲಿ ವಿಯೆನ್ನಾ ಅಜ್ಜಿ ಬಂದಾಗ ಎಟಿಎಂ ಚೀಟಿಯನ್ನು ತೋರಿಸಿದೆ. ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿ, 220ರ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ನಂತರ ತಮ್ಮ ಪುಸ್ತಕ ತೆರೆದು ಡಾಲರ್ ನೋಟಿನ ದರ, ಪರದೆ ತೋರಿಸಿದ ದರ, ಕೊನೆಗೆ ಕಾರ್ಡಿಗೆ ಬಿದ್ದ ದರ, ಮೂರನ್ನೂ ಬರೆದುಕೊಂಡರು.

ಪ್ರವಾಸದಲ್ಲಿ ಎರಡು ನೂರರ ನೋಟು ಉಳಿದವು. 2,000 ಡಾಲರ್‌ವರೆಗೆ ಇಟ್ಟುಕೊಳ್ಳಲು ಅವಕಾಶವಿರುವುದರಿಂದ ಅವನ್ನು ಮಾರಲಿಲ್ಲ. ಯುಗಾದಿಗೆ ಹೊಸ ಪಂಚಾಂಗ ಬಂದ ದಿನ ಆಯಿ ಹಳೆಯದರಿಂದ ಅವನ್ನು ತೆಗೆದು, "ತಮಾ, ಇವನ್ನು ಯಾವ ತಿಂಗಳಲ್ಲಿ ಇಡಲಿ?" ಎಂದು ಕೇಳಿದಳು. ಜ್ಯೇಷ್ಠದಲ್ಲಿ ಇಡು ಎಂದೆ. ಮಳೆ ಹಿಡಿಯುವ ಹೊತ್ತಿಗೆ ಬೇಕಾಗುತ್ತದೆ.